ಸಣ್ಣ ರೆಡಿಮೇಡ್ ಗೇಮಿಂಗ್ ಪಿಸಿ: ನಮ್ಮ ಕಡೆ ಬಿಸಿಲು, ಧೂಳಿಗೆ ಎಷ್ಟು ಸಣ್ಣದು ತಡೀತೈತಿ?

ಕೊಪ್ಪಳ_ಕೋಟೆ

ಎಲ್ಲರಿಗೂ ನಮಸ್ಕಾರ್ರಿ. ಊರು ಕೊಪ್ಪಳ, ಕೆಲಸ ತೋರಣಗಲ್ಲಿನಾಗ, ರೂಮು ಬಳ್ಳಾರಿಯಾಗ. ಮಂಚ, ಒಂದು ಟೇಬಲ್ ಇಟ್ರ ರೂಮು ತುಂಬಿತು. ಹಿಂಗಾಗಿ ದೊಡ್ಡ ಕ್ಯಾಬಿನೆಟ್ ಬ್ಯಾಡ, ಸಣ್ಣ ರೆಡಿಮೇಡ್ ಗೇಮಿಂಗ್ ಪಿಸಿ ತಗೋಬೇಕು ಅಂತ ಬಾಳ ದಿನದ ಆಸೆ. ಹಬ್ಬಕ್ಕ ಊರಿಗೆ ಹೋಗುವಾಗ ಹೊಸಪೇಟೆ ಮ್ಯಾಲೆ ಹೋಗೋ ರೈಲಿನಾಗ ಜೋಡಿ ಒಯ್ಯಾಕ ಬರಬೇಕು, ಊರಾಗ ತಮ್ಮನೂ ಆಡ್ತಾನ.

ಬಜೆಟ್ ಒಂದೂವರೆ ಲಕ್ಷದೊಳಗ. 1440ಪಿ ಮಾನಿಟರ್ ಮೊದಲ ಐತಿ. ಎರಡು ಮಾಲು ಕಣ್ಣಾಗ ಅದಾವ. ಒಂದು ಬರೇ ಎರಡೂವರೆ ಲೀಟರಿಂದು (ಲೀಟರ್ ಅಂದ್ರ ಪೆಟ್ಟಿಗೆ ಹಿಡಿಯೋ ಜಾಗದ ಅಳತಿ), ಒಳಗ ಆರ್‌ಟಿಎಕ್ಸ್ 4070 ಅನ್ನೋ ಲ್ಯಾಪ್‌ಟಾಪ್ ಗ್ರಾಫಿಕ್ಸ್ ಚಿಪ್, ಕರೆಂಟಿಗೆ ಹೊರಗ ಅಡಾಪ್ಟರ್. ಇನ್ನೊಂದು ಬೆಂಗಳೂರಿನ ಒಂದು ಅಂಗಡಿಯವ್ರು ಜೋಡಿಸಿ ಕೊಡೋ 15 ಲೀಟರಿನ ಮಿನಿ-ಐಟಿಎಕ್ಸ್ (ಸಣ್ಣ ಅಳತಿ ಬೋರ್ಡಿನ) ಪೆಟ್ಟಿಗೆ, ಒಳಗ ಡೆಸ್ಕ್‌ಟಾಪಿನ 5060 ಟಿಐ ಗ್ರಾಫಿಕ್ಸ್ ಕಾರ್ಡ್, 16 ಜಿಬಿಯದು. ಮನಸ್ಸು ಸಣ್ಣದರ ಕಡೆ ಐತಿ. ಬಳಸಿದವ್ರು ಬಿಚ್ಚಿ ಹೇಳ್ರಿ.

ಕೌಲ್‌ಬಜಾರ್_ಕೆಫೆ

ಬ್ರೋ, ಮೊದಲು ಇಷ್ಟು ಹೇಳು. ಆಡೋ ಗೇಮ್ ಯಾವು? ಹಗಲೋ ರಾತ್ರಿಯೋ? ರೂಮಿಗೆ ಏಸಿ ಐತಾ? ಏಸಿ ಐತೋ ಇಲ್ಲೋ ತಿಳೀದೆ ಬಳ್ಳಾರಿಯಾಗೆ ನಾನು ಯಾರಿಗೂ ಪಿಸಿ ಹೇಳಲ್ಲ.

ಕೊಪ್ಪಳ_ಕೋಟೆ

ಏಸಿ ಇಲ್ಲಣ್ಣ. ಸೀಲಿಂಗ್ ಫ್ಯಾನು, ಬ್ಯಾಸಗಿಗೆ ನೀರಿನ ಕೂಲರ್. ನೈಟ್ ಶಿಫ್ಟ್ ಇದ್ದ ವಾರ ಮಧ್ಯಾಹ್ನ ಎದ್ದು ಆಡ್ತೀನಿ. ಗೆಳೆಯರ ಜೋಡಿ ವ್ಯಾಲರಂಟ್, ಒಬ್ನ ಇದ್ರ ದೊಡ್ಡ ಓಪನ್ ವರ್ಲ್ಡ್ ಗೇಮ್‌ಗಳು.

ಗಂಗಾವತಿ_ಫ್ರೇಮ್

ಹಾಗಾದರೆ ಮೊದಲು ಹೆಸರಿನ ಗೊಂದಲ ಬಗೆಹರಿಸಿಕೊಳ್ಳಿ. 4070 ಅನ್ನುವುದು ದೊಡ್ಡಕ್ಷರದಲ್ಲಿರುತ್ತದೆ, ಲ್ಯಾಪ್‌ಟಾಪ್ ಅನ್ನುವುದು ಸಣ್ಣಕ್ಷರದಲ್ಲಿ. ಡೆಸ್ಕ್‌ಟಾಪಿನದು, ಲ್ಯಾಪ್‌ಟಾಪಿನದು ಎರಡೂ ಬೇರೆ ಚಿಪ್. ಡೆಸ್ಕ್‌ಟಾಪ್ 4070ರಲ್ಲಿ 5888 ಕುಡಾ ಕೋರ್ (ಚಿತ್ರದ ಲೆಕ್ಕ ಮಾಡುವ ಘಟಕಗಳು), 12 ಜಿಬಿ ವಿಡಿಯೊ ಮೆಮೊರಿ, 200 ವ್ಯಾಟ್. ಲ್ಯಾಪ್‌ಟಾಪ್ 4070ರಲ್ಲಿ 4608 ಕೋರ್, 8 ಜಿಬಿ. ಅದು ಡೆಸ್ಕ್‌ಟಾಪಿನ 4060 ಟಿಐಗೆ ಹಾಕುವ ಚಿಪ್ಪಿನ ವಂಶದ್ದು. 2025ರಲ್ಲಿ ಬಂದ 50ರ ಸರಣಿಯಲ್ಲೂ ಇದೇ ಕಥೆ: ಡೆಸ್ಕ್‌ಟಾಪ್ 5070ಕ್ಕೆ 12 ಜಿಬಿ, ಆಗ ಬಂದ ಲ್ಯಾಪ್‌ಟಾಪ್ 5070ಕ್ಕೆ 8 ಜಿಬಿ.

ಅದರ ಜೊತೆಗೆ ವ್ಯಾಟ್ ಇದೆ. ಲ್ಯಾಪ್‌ಟಾಪ್ 4070 ಚಿಪ್ಪನ್ನು ತಯಾರಕರು 35ರಿಂದ 115 ವ್ಯಾಟ್‌ವರೆಗೆ ಎಲ್ಲಿ ಬೇಕಾದರೂ ನಿಲ್ಲಿಸಬಹುದು. ಒಂದೇ ಹೆಸರಿನ ಎರಡು ಪೆಟ್ಟಿಗೆಗಳಲ್ಲಿ ಫ್ರೇಮ್ (ಸೆಕೆಂಡಿಗೆ ಮೂಡುವ ಚಿತ್ರಗಳ ಸಂಖ್ಯೆ) ಬೇರೆ ಬೇರೆ ಬರುವುದು ಇದಕ್ಕೇ. ಅಂಗಡಿಯವರ ಹತ್ತಿರ ಎಷ್ಟು ವ್ಯಾಟಿನದು ಅಂತ ಕೇಳಿ. ಹೇಳಲು ಬರಲಿಲ್ಲ ಅಂದರೆ ಆ ಮಾಲು ಬಿಡಿ.

ವ್ಯಾಲರಂಟ್‌ಗೆ ಎರಡೂ ಧಾರಾಳ. ತೊಂದರೆ ನಿಮ್ಮ ಓಪನ್ ವರ್ಲ್ಡ್ ಗೇಮ್‌ಗಳದ್ದು. 1440ಪಿಯಲ್ಲಿ ಟೆಕ್ಸ್ಚರ್ (ವಸ್ತುಗಳ ಮೇಲ್ಮೈ ವಿವರ) ಏರಿಸಿ, ರೇ ಟ್ರೇಸಿಂಗ್ (ಬೆಳಕು-ನೆರಳಿನ ನೈಜ ಲೆಕ್ಕ) ಹಾಕಿದರೆ ಹೊಸ ಗೇಮ್‌ಗಳು 8 ಜಿಬಿಯನ್ನು ಸಲೀಸಾಗಿ ದಾಟುತ್ತವೆ. ದಾಟಿದ ಮೇಲೆ ಸರಾಸರಿ ಫ್ರೇಮ್ ಚೆನ್ನಾಗೇ ಕಾಣಬಹುದು, ಆದರೆ ನಡುನಡುವೆ ತಡವರಿಸುತ್ತದೆ, ಟೆಕ್ಸ್ಚರ್ ಮಬ್ಬಾಗುತ್ತದೆ. ಇದು ಚಿಪ್ಪಿನ ವೇಗದಿಂದ ಸರಿಯಾಗುವ ಕೊರತೆಯಲ್ಲ. ನನಗೆ ಕೇಳಿದರೆ 16 ಜಿಬಿ ಕಾರ್ಡ್ ಒಂದೇ ಸಾಕು, ಎರಡನೆಯ ಪೆಟ್ಟಿಗೆ ಆರಿಸಲು.

ಸಂಡೂರು_ಕೆಮ್ಮಣ್ಣು

ನಮ್ಮ ಕಡೆ ಅದಿರು ಲಾರಿ ಓಡಾಡೋ ರಸ್ತೆ ಪಕ್ಕದ ಮನೆಗಳಾಗೆ ಕಿಟಕಿ ಸರಳು, ಗಿಡದ ಎಲೆ, ಒಣಗಾಕಿದ ಬಟ್ಟೆ ಎಲ್ಲಾ ಕೆಂಪು. ಆ ಪುಡಿ ಬಾಳ ಸಣ್ಣದು, ಜಾಳಿಗೆ ಫಿಲ್ಟರ್ ಸಾಲಲ್ಲ. ಸಣ್ಣ ಪೆಟ್ಟಿಗೆಯಾಗೆ ಹೀಟ್‌ಸಿಂಕ್ (ಚಿಪ್ಪಿನ ಬಿಸಿ ಎಳೆಯೋ ಲೋಹದ ತುಂಡು) ರೆಕ್ಕೆಗಳ ನಡುವಿನ ಸಂದಿ ಇನ್ನೂ ಸಣ್ಣದಿರ್ತೈತೆ. ಫ್ಯಾನ್ ಕಡೆಯಿಂದ ಧೂಳು ಮೆತ್ತಿಕೊಂಡು ಕಂಬಳಿ ಹೊದಿಸಿದಂಗೆ ಆಗಿಬಿಡ್ತೈತೆ. ಹೊರಗಿಂದ ನೋಡಿದ್ರೆ ಏನೂ ಕಾಣಲ್ಲ, ಫ್ಯಾನ್ ಮಾತ್ರ ಕೂಗ್ತಾ ಇರ್ತೈತೆ.

ನಿಮ್ಮ ಮನೆ ಕಡೆ ಗಿಣಿಗೇರಾ ಕಾರ್ಖಾನೆಗಳ ಕಪ್ಪು ಧೂಳು ಐತಲ್ಲ, ಅದೂ ಹಿಂಗೇ. ಅಲ್ಲಿಗೆ ಒಯ್ಯೋ ಪಿಸಿ ಆದ್ರೆ ಕೊಳ್ಳೋ ಮುಂಚೆ ಒಂದು ನೋಡಿ: ಸ್ಕ್ರೂ ಬಿಚ್ಚಿದ ಮೇಲೆ ಹೀಟ್‌ಸಿಂಕಿನ ಧೂಳು ಕೂರೋ ಮುಖ ಕೈಗೆ ಸಿಗ್ತೈತಾ, ಇಲ್ಲ ಬೋರ್ಡೇ ಎತ್ತಬೇಕಾ?

ರಾಯಚೂರು_ರಿಪೇರಿ

ಸಂಡೂರಿನವ್ರು ಕೇಳಿದ ಪ್ರಶ್ನಿ ಭಾಳ ಮುಖ್ಯ ಅದ. ನಾ ರಾಯಚೂರಾಗ ರಿಪೇರಿ ಕೆಲಸ ಮಾಡಾಂವ. ನಮ್ಮ ಕಡಿ ಹತ್ತಿ ಜಿನ್ನಿಂಗ್ ಮಿಲ್ ಜಾಸ್ತಿ. ಮಿಲ್ ಹತ್ರದ ಮನಿಗಳಿಂದ ಬರೂ ಪಿಸಿಯೊಳಗ ಧೂಳಲ್ಲ, ಅರಳಿ ಎಳಿಗಳೇ ಸಿಕ್ಕಿರ್ತಾವ. ಶಕ್ತಿನಗರದಿಂದ ಬಂದ್ರ ಹಾರುಬೂದಿ. ಎಲ್ಲಾ ಸ್ವಚ್ಛ ಮಾಡಬಹುದು, ಬಿಚ್ಚಲಿಕ್ಕೆ ಬಂದ್ರ.

ಎರಡೂವರೆ ಲೀಟರ್ ಪೆಟ್ಟಿಗ್ಯಾಗ ಪ್ರೊಸೆಸರ್ ಬೋರ್ಡಿಗೇ ಬೆಸುಗಿ, ಗ್ರಾಫಿಕ್ಸ್ ಚಿಪ್ಪೂ ಬೆಸುಗಿ. ಬದ್ಲಿಸಲಿಕ್ಕೆ ಬರೂದು ರ‍್ಯಾಮ್, ಎಸ್‌ಎಸ್‌ಡಿ, ಬಹಳ ಅಂದ್ರ ವೈಫೈ ಕಾರ್ಡು. ವಾರಂಟಿ ಮುಗಿದ ಮ್ಯಾಲ ಗ್ರಾಫಿಕ್ಸ್ ಹೋದ್ರ ಇಡೀ ಬೋರ್ಡು ಹೋತು, ಅಂದ್ರ ಪಿಸಿಯೇ ಹೋತು. ಫ್ಯಾನ್ ಸುದ್ದಾ ಆ ಮಾಡೆಲ್ಲಿಗೆ ಮಾತ್ರ ಹೊಂದೂದು, ಇಲ್ಲಿ ಅಂಗಡ್ಯಾಗ ಸಿಗೂದಿಲ್ಲ. ಕೆಲವು ಗೇಮಿಂಗ್ ಮಷಿನ್ನಿನ್ಯಾಗ ಥರ್ಮಲ್ ಪೇಸ್ಟ್ ಬದಲು ಲಿಕ್ವಿಡ್ ಮೆಟಲ್ ಹಾಕಿರ್ತಾರ. ಅದು ಕರೆಂಟು ಹರಿಯೂ ಪದಾರ್ಥ, ಗೊತ್ತಿಲ್ದೆ ಹೀಟ್‌ಸಿಂಕ್ ಎತ್ತಿ ಒಂದು ಹನಿ ಬೋರ್ಡಿನ ಮ್ಯಾಲ ಬಿದ್ರ ಮುಗೀತು.

15 ಲೀಟರಿಂದು ಬ್ಯಾರೆ ಲೆಕ್ಕ. ಮಿನಿ-ಐಟಿಎಕ್ಸ್ ಬೋರ್ಡ್ ಯಾವ ಕಂಪನಿದೇ ಇರಲಿ 17 ಸೆಂಟಿಮೀಟರ್ ಚೌಕ, ಸ್ಕ್ರೂ ತೂತು ಅದೇ ಜಾಗದಾಗ. ಎಸ್‌ಎಫ್‌ಎಕ್ಸ್ ಅನ್ನೂ ಸಣ್ಣ ಪವರ್ ಸಪ್ಲೈ ಅಳತಿನೂ ಕಟ್ಟಿಟ್ಟದ್ದು. ಕಾರ್ಡ್ ಹೋದ್ರ ಕಾರ್ಡ್, ಸಪ್ಲೈ ಹೋದ್ರ ಸಪ್ಲೈ. ಇಲ್ಲಿ ಸಿಗ್ಲಿಲ್ಲಂದ್ರ ಸಿಕಂದರಾಬಾದಿನ ಚೆನಾಯ್ ಟ್ರೇಡ್ ಸೆಂಟರಿನಿಂದ ತರಸ್ತೀವಿ, ನಿಮಗ ಬೆಂಗಳೂರಿನ ಎಸ್‌ಪಿ ರೋಡ್ ಅದ. ಆದ್ರ ಒಂದು ಖರೆ ಮಾತು: ಎಸ್‌ಎಫ್‌ಎಕ್ಸ್ ಸಪ್ಲೈಗೆ ದೊಡ್ಡ ಎಟಿಎಕ್ಸ್‌ಗಿಂತ ರೊಕ್ಕ ಜಾಸ್ತಿ, ಐಟಿಎಕ್ಸ್ ಬೋರ್ಡಿಗೂ ಜಾಸ್ತಿ. ಅದೇ ರೊಕ್ಕಕ್ಕ ದೊಡ್ಡ ಕ್ಯಾಬಿನೆಟ್ಟಿನ್ಯಾಗ ಒಂದು ಮೆಟ್ಟಿಲು ಮ್ಯಾಲಿನ ಕಾರ್ಡ್ ಬರ್ತದ.

ರೆಡಿಮೇಡ್‌ನ್ಯಾಗ ಮೂರನೇ ಜಾತಿನೂ ಅದ, ಅದರ ಬಗ್ಗಿ ಹುಷಾರ್. ಹೊರಗಿಂದ ಮಾಮೂಲಿ ಸಣ್ಣ ಕ್ಯಾಬಿನೆಟ್, ಒಳಗ ಬೋರ್ಡು ಅವ್ರದೇ ಆಕಾರ, ಸಪ್ಲೈ ಅವ್ರದೇ ಆಕಾರ. ಬೋರ್ಡಿಗೆ ಹೋಗೂ ಪ್ಲಗ್ 24 ಪಿನ್ನಿಂದು ಇರೂದಿಲ್ಲ. ಇಂಟೆಲ್ ತಂದ 12ವಿಒ ಅನ್ನೂ ಪದ್ಧತಿಯೊಳಗ 10 ಪಿನ್, ಕೆಲವ್ರದ್ದು ಅದಕ್ಕೂ ಬ್ಯಾರೆ. ಅಂಗಡಿಯವ್ರಿಗೆ ಒಳಗಿನ ಫೋಟೊ ಕೇಳ್ರಿ. ಸಪ್ಲೈ ಮ್ಯಾಲಿನ ಚೀಟಿ ಓದೂವಂಗ ಇರಬೇಕು. ಫೋಟೊ ಕಳ್ಸಲಿಕ್ಕೆ ಹಿಂದ ಮುಂದ ನೋಡಿದ್ರ ತಗೋಬ್ಯಾಡ್ರಿ.

ಇನ್ನ ಬಿಸಿಲು. ಯೂಟ್ಯೂಬ್‌ನ್ಯಾಗ ತೋರಿಸೂ ಟೆಂಪರೇಚರ್ ತಂಪು ರೂಮಿಂದು. ಕೋಣಿ 25 ಇದ್ದಾಗ ಚಿಪ್ಪು 75ಕ್ಕ ನಿಂತ್ರ, ಕೋಣಿ 40 ಆದಾಗ ಫ್ಯಾನ್ ಅದೇ ವೇಗದಾಗ ಇದ್ರ 90ರ ಹತ್ರ ಹೋಗ್ತದ. ಒಳಗ ಬರೂ ಗಾಳಿ ಎಷ್ಟು ಬಿಸಿಯೋ ಚಿಪ್ಪಿಗೆ ಅಷ್ಟು ಸೇರೂದೇ. ಬಹಳಷ್ಟು ಕಾರ್ಡು 83ರ ಆಸುಪಾಸಿಗೆ ತಾವೇ ವೇಗ ಇಳಿಸಲಿಕ್ಕೆ ಶುರು ಮಾಡ್ತಾವ. ದೊಡ್ಡ ಹೀಟ್‌ಸಿಂಕು, ನಿಧಾನ ತಿರುಗೂ ದೊಡ್ಡ ಫ್ಯಾನು ಇದ್ರ ಇನ್ನೂ ಏರಿಸಲಿಕ್ಕೆ ಆಸ್ಪದ ಇರ್ತದ. ಸಣ್ಣ ಪೆಟ್ಟಿಗ್ಯಾಗ ಫ್ಯಾನು ಅದಾಗಲೇ ತುದೀಗೆ ಹೋಗಿರ್ತದ, ಉಳಿದದ್ದು ವೇಗ ಇಳಿಸೂದೊಂದೇ. ಏಪ್ರಿಲ್, ಮೇ ತಿಂಗಳ ಮಧ್ಯಾಹ್ನ ಏಸಿ ಇಲ್ಲದ ರೂಮಿನ್ಯಾಗ ಆಡೂ ಮಂದಿಗೆ ಎರಡೂವರೆ ಲೀಟರ್ ನಾ ಹೇಳೂದಿಲ್ಲ.

ಸಿಂಧನೂರು_ಎಡಿಟ್

ಎಲ್ಲರೂ ಸಣ್ಣದನ್ನ ಬೈತಿದ್ದೀರಿ, ಅದರ ಪರವಾಗಿ ನಾನು ಮಾತಾಡ್ತೀನಿ. ನನ್ನ ಹತ್ರ ಇರೋದು ಆ ಜಾತಿಯದೇ. ಮದುವೆ ವಿಡಿಯೊ ಎಡಿಟಿಂಗ್ ಮಾಡ್ತೀನಿ, ರಾತ್ರಿ ಮಕ್ಕಳು ಮಲಗಿದ ಮೇಲೆ ಗೇಮ್ ಆಡ್ತೀನಿ. ಮಾನಿಟರ್ ಹಿಂದೆ ಕೂತುಬಿಡುತ್ತೆ, ಟೇಬಲ್ ಪೂರ್ತಿ ನನ್ನದೇ. ಬೆಂಗಳೂರಿಗೆ ಕೆಲಸಕ್ಕೆ ಹೋಗುವಾಗ ಸೀರೆ ಬ್ಯಾಗಿನಲ್ಲೇ ಇಟ್ಕೊಂಡು ಹೋಗ್ತೀನಿ, ಬಸ್ಸಿನಲ್ಲಿ ತೊಡೆ ಮೇಲೆ ಇಟ್ಕೋಬಹುದು. 15 ಲೀಟರಿಂದು ಹಾಗೆ ಬರೋದಿಲ್ಲ ತಮ್ಮಾ, ಕಾರ್ಡು ಸೇರಿ ತೂಕ ಏಳು ಕಿಲೋ ಸುತ್ತಮುತ್ತ ಆಗುತ್ತೆ. ಹಬ್ಬದ ಸೀಸನ್ನಿನ ಜನರಲ್ ಬೋಗಿಯಲ್ಲಿ ಅದನ್ನ ಎಲ್ಲಿಡ್ತೀಯಾ?

ಇನ್ನೊಂದು ಕರೆಂಟು. ನನ್ನದು ಗೇಮ್ ಆಡುವಾಗಲೂ 200 ವ್ಯಾಟ್ ಒಳಗೇ ಇರುತ್ತೆ, ಮನೆ ಇನ್ವರ್ಟರ್ ಮೇಲೆ ಆರಾಮಾಗಿ ನಡೆಯುತ್ತೆ. ಬಿಸಿ ವಿಷಯ ನಿಜ, ಅದಕ್ಕೆ ಪವರ್ ಮಿತಿ ಇಳಿಸಿಟ್ಟಿದ್ದೀನಿ, ಫ್ರೇಮ್ 60ಕ್ಕೆ ಕಟ್ಟಿದ್ದೀನಿ. ಆಮೇಲೆ ಫ್ಯಾನ್ ಸದ್ದು ನನಗೆ ತೊಂದರೆ ಕೊಟ್ಟಿಲ್ಲ. ಸಣ್ಣದನ್ನ ಸಣ್ಣದರ ಹಾಗೆ ಬಳಸಿದ್ರೆ ಒಳ್ಳೆ ಮಷಿನ್ನು.

ಗಂಗಾವತಿ_ಫ್ರೇಮ್

ಅಕ್ಕ ಹೇಳಿದ ಪವರ್ ಮಿತಿಯ ಮಾತು ಇಬ್ಬರಿಗೂ ಅನ್ವಯಿಸುತ್ತದೆ. 5060 ಟಿಐ ಪೂರ್ತಿ ಎಳೆದರೆ 180 ವ್ಯಾಟ್. ಮಿತಿಯನ್ನು ಶೇ. 80ಕ್ಕೆ ಇಳಿಸಿದರೆ ಫ್ರೇಮ್ ಅಷ್ಟೇ ಪ್ರಮಾಣದಲ್ಲಿ ಬೀಳುವುದಿಲ್ಲ, ಬಹಳ ಕಡಿಮೆ ಬೀಳುತ್ತದೆ, ಏಕೆಂದರೆ ಕೊನೆಯ ಸ್ವಲ್ಪ ವೇಗಕ್ಕೇ ಕಾರ್ಡ್ ಅತಿ ಹೆಚ್ಚು ಕರೆಂಟ್ ತಿನ್ನುವುದು. ಬೇಸಿಗೆಗೆ ಒಂದು ಪ್ರೊಫೈಲ್, ಡಿಸೆಂಬರಿಗೆ ಒಂದು ಪ್ರೊಫೈಲ್ ಇಟ್ಟುಕೊಳ್ಳಿ. ನಮ್ಮ ಕಡೆ ಇದು ಕಡ್ಡಾಯ ಅನ್ನುವಷ್ಟು ನಂಬಿದ್ದೇನೆ.

ಆದರೆ ಅಕ್ಕ, ನೀವು ರಾತ್ರಿ ಆಡುತ್ತೀರಿ, ಇವರು ಮಧ್ಯಾಹ್ನ. ನೀವು ಫ್ರೇಮ್ 60ಕ್ಕೆ ಕಟ್ಟಿದ್ದೀರಿ, ವ್ಯಾಲರಂಟ್ ಆಡುವವರು ಹಾಗೆ ಕಟ್ಟುವುದಿಲ್ಲ.

ಸಿಂಧನೂರು_ಎಡಿಟ್

ಅದು ಒಪ್ಪಿದೆ.

ದೇವದುರ್ಗ_ಹಾಸ್ಟೆಲ್

ಅಣ್ಣಾ, ಒಯ್ಯೂದೇ ಮುಖ್ಯ ಆದ್ರ ಲ್ಯಾಪ್‌ಟಾಪೇ ಯಾಕ ಬ್ಯಾಡ? ಎರಡೂವರೆ ಲೀಟರ್ ಪೆಟ್ಟಿಗ್ಯಾಗ ಇರೂ ಚಿಪ್ಪೇ ಅದರಾಗ ಅದ, ಮ್ಯಾಲ ಸ್ಕ್ರೀನು, ಕೀಬೋರ್ಡು, ಬ್ಯಾಟರಿ. ಕರೆಂಟ್ ಹೋದ್ರ ಆಫ್ ಆಗೂದಿಲ್ಲ. ನಾ ಹಾಸ್ಟೆಲ್‌ನ್ಯಾಗ ಅದರ ಮ್ಯಾಲೇ ಆಡ್ತೀನಿ. ಊರಿಗೆ ಪೆಟ್ಟಿಗಿ ಒಯ್ದ್ರ ಅಲ್ಲಿ ಇನ್ನೊಂದು ಮಾನಿಟರ್ ಬೇಕಲ್ಲ?

ಕೊಪ್ಪಳ_ಕೋಟೆ

ಊರಾಗ ಟಿವಿ ಐತಿ ತಮ್ಮ, ಅದಕ್ಕ ಹಚ್ಚತೀನಿ. ಆದ್ರ ನಿನ್ನ ಮಾತು ಖರೆ, ಲ್ಯಾಪ್‌ಟಾಪ್ ಲೆಕ್ಕಕ್ಕ ತಗೊಂಡಿದ್ದಿಲ್ಲ. ಎರಡೂವರೆ ಲೀಟರ್ ಮಾಲಿಗೂ ಲ್ಯಾಪ್‌ಟಾಪಿಗೂ ರೇಟು ಹತ್ತತ್ರ ಐತಿ.

ರಾಯಚೂರು_ರಿಪೇರಿ

ಹತ್ತತ್ರ ಇದ್ರ ಲ್ಯಾಪ್‌ಟಾಪೇ ಚಲೋ. ಅದಕ್ಕ ಊರೂರಿಗೆ ಸರ್ವಿಸ್ ಬರ್ತದ, ಕೀಬೋರ್ಡು, ಬ್ಯಾಟರಿ, ಫ್ಯಾನ್ ಬದಲಿ ಮಾಲೂ ಓಡಾಡ್ತದ. ಅತಿ ಸಣ್ಣ ಗೇಮಿಂಗ್ ಪೆಟ್ಟಿಗಿ ಮಾರೂದೇ ಕಡಿಮಿ, ಬದಲಿ ಮಾಲು ಅದಕ್ಕಿಂತ ಕಡಿಮಿ. ಕೊಳ್ಳೂ ಮುಂಚೆ ಅವ್ರ ಸರ್ವಿಸ್ ಯಾವ ಊರಾಗ ಅದ, ಮನಿಗೆ ಬರ್ತಾರೇನು, ನಾವೇ ಕೊರಿಯರ್ ಮಾಡಬೇಕೇನು ಕೇಳ್ರಿ. ಹೊರದೇಶದಿಂದ ತರಿಸಿದ ಮಾಲು ಅಂತೂ ಬ್ಯಾಡೇ ಬ್ಯಾಡ. ವಾರಂಟಿ ಆ ದೇಶದ್ದು ಆಗಿರ್ತದ, ಇಲ್ಲಿ ಯಾರೂ ಮುಟ್ಟೂದಿಲ್ಲ.

ಕೌಲ್‌ಬಜಾರ್_ಕೆಫೆ

ಕರೆಂಟ್ ವಿಷಯಕ್ಕೆ ನಾನು ಹೇಳ್ತೀನಿ, ಕೆಫೆ ನಡೆಸೋನಿಗೆ ಅದೇ ದಿನದ ಚಿಂತೆ. ಕುಡುತಿನಿ, ಶಕ್ತಿನಗರ, ಯರಮರಸ್, ಮೂರೂ ವಿದ್ಯುತ್ ಸ್ಥಾವರ ನಮ್ಮ ಎರಡು ಜಿಲ್ಲೆಯಾಗೇ ಅದಾವೆ, ಆದರೂ ಬೇಸಿಗೆ ಗಾಳಿ-ಮಳೆಗೆ ಕರೆಂಟ್ ಹೋಗೋದು ತಪ್ಪಿಲ್ಲ. 15 ಲೀಟರ್ ಪೆಟ್ಟಿಗೆ ಗೇಮ್ ನಡೆಯುವಾಗ 300 ವ್ಯಾಟ್ ಆಸುಪಾಸು, ಮಾನಿಟರ್ ಸೇರಿ ಇನ್ನೊಂದಿಷ್ಟು. ಅಂಗಡಿಯಾಗೆ ಸಿಗೋ 600 ವಿಎ ಯುಪಿಎಸ್ ಕೊಡೋದು ಬಹುಪಾಲು 360 ವ್ಯಾಟ್. ಲೆಕ್ಕದಾಗೆ ಸರಿ ಅನ್ನಿಸ್ತೈತೆ, ಗೇಮ್ ನಡುವೆ ಕರೆಂಟ್ ಹೋದಾಗ ಒಂದು ಕ್ಷಣ ಕಾರ್ಡ್ ಹೆಚ್ಚು ಎಳೀತೈತೆ, ಯುಪಿಎಸ್ಸೇ ಟ್ರಿಪ್ ಆಗ್ತೈತೆ. 1 ಕೆವಿಎ ತಗೋ, ಅದು 600 ವ್ಯಾಟ್ ಕೊಡ್ತೈತೆ. ಗೇಮ್ ಆಡೋಕಲ್ಲ, ಸೇವ್ ಮಾಡಿ ಆಫ್ ಮಾಡೋಕೆ.

ಮನೆ ಇನ್ವರ್ಟರ್ ಮೇಲೆ ಓಡಿಸೋದಾದ್ರೆ ಪ್ಯೂರ್ ಸೈನ್ ವೇವ್ ಇರಲಿ, ಸ್ವಿಚ್ ಯುಪಿಎಸ್ ಮೋಡಿನಾಗೆ ಇರಲಿ. ಪಿಸಿಯ ಪವರ್ ಸಪ್ಲೈ ಕರೆಂಟ್ ಇಲ್ಲದೆ ತಡಕೊಳ್ಳೋದು ಸುಮಾರು 16–17 ಮಿಲಿಸೆಕೆಂಡ್, ಇನ್ವರ್ಟರ್ ಅಷ್ಟರಾಗೆ ಬದಲಾಗದಿದ್ರೆ ರೀಸ್ಟಾರ್ಟ್ ಗ್ಯಾರಂಟಿ. ರೂಮಿನ ಅರ್ಥಿಂಗನ್ನೂ ಎಲೆಕ್ಟ್ರಿಷಿಯನ್ ಕೈಲಿ ನೋಡಿಸು. ಹಳೇ ಬಾಡಿಗೆ ರೂಮುಗಳಾಗೆ ಮೂರು ಪಿನ್ ಸಾಕೆಟ್ ಇರ್ತೈತೆ, ಹಿಂದೆ ಅರ್ಥ್ ವೈರೇ ಇರಲ್ಲ. ಕ್ಯಾಬಿನೆಟ್ ಮುಟ್ಟಿದ್ರೆ ಜುಮ್ ಅನ್ನೋದು ಅದಕ್ಕೇ.

ಮರೆತಿದ್ದೆ: ನೀರಿನ ಕೂಲರ್ ಗಾಳಿ ನೇರ ಪಿಸಿಗೆ ಬೀಳದಂಗೆ ಇಡು. ರೂಮು ತಂಪಾಗೋದು ಒಳ್ಳೇದೇ, ಆದ್ರೆ ಎರಚೋ ಹನಿ, ಪಸೆ ಜೊತೆ ಧೂಳು ಸೇರಿದ್ರೆ ಹೀಟ್‌ಸಿಂಕಿನಾಗೆ ಕೆಸರಾಗಿ ಒಣಗ್ತೈತೆ, ಬ್ಲೋವರ್ ಹೊಡೆದ್ರೂ ಹೋಗಲ್ಲ.

ದೇವದುರ್ಗ_ಹಾಸ್ಟೆಲ್

ರೊಕ್ಕ ಕಡಿಮಿ ಇದ್ದ ನಮ್ಮಂಥವ್ರಿಗೆ? ಹಳೇ ಆಫೀಸ್ ಸಣ್ಣ ಡೆಸ್ಕ್‌ಟಾಪ್ ತಗೊಂಡು ಕಾರ್ಡ್ ಹಾಕಿದ್ರ ನಡೀತದಂತ ವಿಡಿಯೊ ನೋಡಿದ್ದೆ.

ಗಂಗಾವತಿ_ಫ್ರೇಮ್

ನಡೆಯುತ್ತದೆ, ಮಿತಿಯೊಳಗೆ. ಆ ಪೆಟ್ಟಿಗೆಗಳಲ್ಲಿ ಕಾರ್ಡಿಗೆ ಬೇರೆ ಪವರ್ ವೈರ್ ಇರುವುದಿಲ್ಲ. ಸ್ಲಾಟ್ ಕೊಡುವುದು ಹೆಚ್ಚೆಂದರೆ 75 ವ್ಯಾಟ್, ಕೆಲವು ಆಫೀಸ್ ಮಾಡೆಲ್‌ಗಳಲ್ಲಿ ಅದಕ್ಕಿಂತ ಕಡಿಮೆ. 2024ರಲ್ಲಿ ಬಂದ ಆರ್‌ಟಿಎಕ್ಸ್ 3050ರ 6 ಜಿಬಿ ಆವೃತ್ತಿ 70 ವ್ಯಾಟಿನದು, ಗಿಡ್ಡ ಲೋ ಪ್ರೊಫೈಲ್ ಮಾದರಿ ಸಿಗುತ್ತದೆ. 1080ಪಿ ವ್ಯಾಲರಂಟ್‌ಗೆ ಸಾಕು. ಆದರೆ ಪ್ರೊಸೆಸರ್ ವಿಂಡೋಸ್ 11 ಪಟ್ಟಿಯಲ್ಲಿದೆಯೇ ನೋಡಿಕೊಳ್ಳಿ, ವಿಂಡೋಸ್ 10ರ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ವಿಂಡೋಸ್ 11ರಲ್ಲಿ ವ್ಯಾಲರಂಟ್ ಟಿಪಿಎಂ 2.0, ಸೆಕ್ಯೂರ್ ಬೂಟ್ ಎಂಬ ಭದ್ರತಾ ಸೌಲಭ್ಯಗಳನ್ನು ಕೇಳುತ್ತದೆ.

ಸಂಡೂರು_ಕೆಮ್ಮಣ್ಣು

ವಾಲ್ವ್ ಕಂಪನಿ 2025ರ ನವೆಂಬರಿನಾಗೆ ಘೋಷಿಸಿದ ಸ್ಟೀಮ್ ಮಷಿನ್ನೂ ಸಣ್ಣ ಪೆಟ್ಟಿಗೆಯೇ ಅಲ್ವಾ? ಅದು ಇವರಿಗೆ ಆಗ್ತೈತಾ?

ಗಂಗಾವತಿ_ಫ್ರೇಮ್

ವಿನ್ಯಾಸ ಇಷ್ಟವಾಯಿತು, ಗೇಣುದ್ದದ ಘನಾಕಾರದಲ್ಲಿ ದೊಡ್ಡ ಹೀಟ್‌ಸಿಂಕ್ ಮತ್ತು ಒಂದೇ ದೊಡ್ಡ ಫ್ಯಾನ್ ಇಟ್ಟಿದ್ದಾರೆ. ಆದರೆ ವಿಡಿಯೊ ಮೆಮೊರಿ 8 ಜಿಬಿಯೇ. ಅದರ ಸ್ಟೀಮ್‌ಓಎಸ್ ಲಿನಕ್ಸ್ ಮೇಲೆ ನಿಂತದ್ದು, ಅದರ ಮೇಲೆ ವ್ಯಾಲರಂಟ್ ನಡೆಯುವುದಿಲ್ಲ. ಇವರ ಗೆಳೆಯರ ಬಳಗವೇ ಅಲ್ಲಿದೆ, ಹಾಗಾಗಿ ಆಗುವುದಿಲ್ಲ.

ಕೊಳ್ಳುವ ಹೊತ್ತಿನ ಬಗ್ಗೆ ಒಂದು ಮಾತು. 2025ರ ಕೊನೆಯಿಂದ ರ‍್ಯಾಮ್ ಬೆಲೆ ವಿಪರೀತ ಏರಿತು. ಎಐ ಡೇಟಾ ಸೆಂಟರ್‌ಗಳು ಮೆಮೊರಿ ಚಿಪ್ ಬಾಚಿಕೊಳ್ಳುತ್ತಿವೆ. ಮೈಕ್ರಾನ್ ಕಂಪನಿ ಆ ಡಿಸೆಂಬರಿನಲ್ಲಿ ಕ್ರೂಶಿಯಲ್ ಹೆಸರಿನ ಗ್ರಾಹಕ ಮಾರಾಟವನ್ನೇ ನಿಲ್ಲಿಸುವುದಾಗಿ ಪ್ರಕಟಿಸಿತು. ಹೀಗಾಗಿ ಬಿಡಿಭಾಗ ತಂದು ಜೋಡಿಸಿದರೆ ಅಗ್ಗ ಅನ್ನುವ ಹಳೆಯ ಲೆಕ್ಕ ಈಗ ಎಲ್ಲ ಕಡೆ ನಿಲ್ಲುವುದಿಲ್ಲ. ಹಳೆಯ ದರದ ರ‍್ಯಾಮ್ ಹಾಕಿಟ್ಟ ರೆಡಿಮೇಡ್ ಪೆಟ್ಟಿಗೆ ಸಿಕ್ಕರೆ ಅದೇ ಲಾಭ. ಆದರೆ ನೋಡಿ, ಬೆಲೆ ಇಳಿಸಲು ಕೆಲವರು ಒಂದೇ ಕಡ್ಡಿ ರ‍್ಯಾಮ್ ಹಾಕಿರುತ್ತಾರೆ. ಐಟಿಎಕ್ಸ್ ಬೋರ್ಡಿನಲ್ಲಿ ಎರಡೇ ಸ್ಲಾಟ್. 8 ಜಿಬಿಯ ಎರಡು ಕಡ್ಡಿ ಇದ್ದರೆ ಮುಂದೆ 32ಕ್ಕೆ ಏರಿಸುವಾಗ ಎರಡನ್ನೂ ತೆಗೆಯಬೇಕು. ಈಗಲೇ 16ರ ಎರಡು ಕಡ್ಡಿ ಕೇಳಿ, ಬೇಕಾದರೆ ಎಸ್‌ಎಸ್‌ಡಿಯನ್ನು ಸಣ್ಣದು ಮಾಡಿ. ಬೋರ್ಡ್ ಎಎಂ5 ಸಾಕೆಟ್ಟಿನದಿರಲಿ (ಎಎಂಡಿ ಪ್ರೊಸೆಸರ್ ಕೂರುವ ಜಾಗ), 2027 ಮತ್ತು ಮುಂದಕ್ಕೂ ಅದಕ್ಕೆ ಬೆಂಬಲ ಅಂತ ಎಎಂಡಿ ಹೇಳಿದೆ.

ಕೊಪ್ಪಳ_ಕೋಟೆ

ಎಲ್ಲಾರೂ ಇಷ್ಟು ಬಿಡಿಸಿ ಹೇಳಿದ್ದಕ್ಕ ಮನಸಾರೆ ಉಪಕಾರ್ರಿ. ಬೆಂಗಳೂರಿನವ್ರಿಗೆ ಒಳಗಿನ ಫೋಟೊ ಕೇಳಿದೆ, ಕಳ್ಸ್ಯಾರ. ಎಸ್‌ಎಫ್‌ಎಕ್ಸ್ ಸಪ್ಲೈ, 24 ಪಿನ್, ಎಎಂ5 ಬೋರ್ಡು, ಎರಡು ಫ್ಯಾನಿನ ಗಿಡ್ಡ ಕಾರ್ಡು. ಎಡಬಲ ಜಾಳಿಗೆ ಹಲಗಿ ಸ್ಕ್ರೂ ಇಲ್ದ ಬಿಚ್ತಾವ. ರ‍್ಯಾಮ್ 16ರ ಎರಡು ಹಾಕ್ಸಿ, ಎಸ್‌ಎಸ್‌ಡಿ 1 ಟಿಬಿ ಬದಲು 500 ಜಿಬಿ ಮಾಡ್ಸಿದೆ, ಉಳಿದದ್ದು ಯುಪಿಎಸ್ಸಿಗೆ. ಹೀಂಗಾಗಿ ಅದನ್ನ ತಗೊಳ್ಳಾಕತ್ತೀನಿ.

ಅಕ್ಕಾರ ಕೇಳಿದ ಪ್ರಶ್ನೆ ಉಳಿದೈತಿ: ರೈಲಿನಾಗ ಹೆಂಗ ಒಯ್ಯೂದು?

ಸಿಂಧನೂರು_ಎಡಿಟ್

ಜನರಲ್ ಬಿಟ್ಟು ಸೀಟು ಕಾದಿರಿಸಿ ಹೋಗು ತಮ್ಮಾ. ಮೇಲಿನ ರ‍್ಯಾಕಿನಲ್ಲಿ ಇಡಬೇಡ, ಸೀಟಿನ ಕೆಳಗೆ ಕಾಲ ಹತ್ರ ಇರಲಿ. ಪೆಟ್ಟಿಗೆ ಜೊತೆ ಬಂದ ಥರ್ಮಾಕೋಲು, ರಟ್ಟಿನ ಡಬ್ಬ ಬಿಸಾಕಬೇಡ, ಅದರ ಅಳತೆಗೆ ಒಂದು ಗಟ್ಟಿ ಬ್ಯಾಗ್ ಹೊಲಿಸಿಕೋ.

ರಾಯಚೂರು_ರಿಪೇರಿ

ಒಯ್ಯೂ ಮುಂದ ಗ್ರಾಫಿಕ್ಸ್ ಕಾರ್ಡ್ ತಗದು, ಅದರ ಜೋಡಿ ಬಂದ ಆಂಟಿಸ್ಟ್ಯಾಟಿಕ್ ಚೀಲದಾಗ ಹಾಕಿ ಬ್ಯಾರೆ ಬ್ಯಾಗಿನ್ಯಾಗ ಇಡ್ರಿ. ಕಾರ್ಡು ಒಂದೇ ಸ್ಲಾಟಿಗೆ ಜೋತು ಬಿದ್ದಿರ್ತದ, ದಾರಿಯುದ್ದಕ್ಕೂ ಕುಲುಕಿದ್ರ ಸ್ಲಾಟು ಬಿರಿತದ. ಊರಾಗ ತಿರುಗಿ ಹಾಕುವಾಗ ಕ್ಲಿಕ್ ಅನ್ನೂತನಕ ಒತ್ತಿ, ಸ್ಕ್ರೂ ಬಿಗದು, ಆಮ್ಯಾಲ ಪವರ್ ವೈರು ಪೂರಾ ಒಳಗ ಕೂತದೋ ಇಲ್ಲೋ ಎರಡೂ ಕಡಿಯಿಂದ ನೋಡ್ರಿ. 8 ಪಿನ್ನಿಂದಾದ್ರ ಚಿಂತಿ ಕಡಿಮಿ. 16 ಪಿನ್ನಿನ ಹೊಸ ಪ್ಲಗ್ ಇದ್ರ ಅರ್ಧ ಕೂತಾಗ ಬಿಸಿಯಾಗಿ ಪ್ಲಾಸ್ಟಿಕ್ ಕರಗೂದುಂಟು. ವೈರು ಪ್ಲಗ್ಗಿನ ಬುಡಕ್ಕೇ ಮಡಚಬ್ಯಾಡ್ರಿ, ಸ್ವಲ್ಪ ನೆಟ್ಟಗ ಬಂದು ಆಮ್ಯಾಲ ಬಾಗಲಿ. ಸಣ್ಣ ಪೆಟ್ಟಿಗ್ಯಾಗ ಪಕ್ಕದ ಹಲಗಿ ವೈರಿಗೆ ಒತ್ತಿದ್ರ ಹಲಗಿ ಬಲವಂತ ಮಾಡಿ ಹಾಕಬ್ಯಾಡ್ರಿ, ವೈರ್ ದಾರಿ ಬದ್ಲಿಸ್ರಿ.

ಧೂಳಿಗೆ ಬ್ಲೋವರ್ ಹೊಡೆಯೂವಾಗ ಫ್ಯಾನಿನ ರೆಕ್ಕಿ ಬೆರಳಿಂದ ಹಿಡ್ಕೊಳ್ರಿ, ತಾನೇ ಭರ್ರ್ ತಿರುಗಿದ್ರ ಬೇರಿಂಗ್ ಹಾಳಾಗ್ತದ. ದೀಪಾವಳಿಗೆ ಒಮ್ಮೆ, ಬ್ಯಾಸಗಿ ಶುರುವಾಗೂ ಮುಂಚೆ ಶಿವರಾತ್ರಿ ಹೊತ್ತಿಗೆ ಒಮ್ಮೆ ಹೊಡೀರಿ. ಗಿಣಿಗೇರಾ ಕಡಿ ಇಟ್ಟುಕೊಂಡ್ರ ಅದರ ನಡುವ ಇನ್ನೊಂದು ಸಲ.